ಚಂದ್ರಕಾಳಿಯ ಪಕ್ಷದವರು

ಹಿಂದಿನಿಂದ ಹಾರ್ನ್ ಕೇಳಿಸಿದಾಗ ಮನುಷ್ಯರು ಎರಡು ಬಗೆಯಾಗಿ ನಡೆದುಕೊಳ್ಳುತ್ತಾರೆ ಎಂಬುದು ಸ್ಕೂಟರಿನ ಮೇಲೆ ಕೂತು ನಾನು ಸಂಪಾದಿಸಿದ ಅಲ್ಪಜ್ಞಾನದ ಸಾರ. ಕೆಲವರು ಅದನ್ನು ತಮ್ಮ ಸ್ವಾಭಿಮಾನಕ್ಕೆ ಬಂದ ಸವಾಲೆಂದು ಬಗೆದು ರಸ್ತೆಯ ನಟ್ಟನಡುವೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತಾರೆ. ಇನ್ನು ಕೆಲವರು ಹಾರ್ನ್ ಯಾರದು, ಎಷ್ಟು ದೂರದ್ದು ಎಂಬುದನ್ನೂ ವಿಚಾರಿಸದೆ, ಹಿಂದಿರುಗಿ ನೋಡುವ ಕುತೂಹಲವನ್ನೂ ತೋರದೆ, ಸೀದಾ ಬದಿಯ ಮಣ್ಣಿಗೆ ಇಳಿದುಬಿಡುತ್ತಾರೆ. ನಾನು ಈ ಎರಡನೆಯ ಪಂಗಡದವನು; ಪಂಗಡಕ್ಕೊಬ್ಬ ಅಧ್ಯಕ್ಷ ಬೇಕೆಂದರೆ ಅವಿರೋಧವಾಗಿ ಆಯ್ಕೆಯಾಗಬಲ್ಲವನು. ಇಳಕಲ್ಲಿನಿಂದ ಹುನಗುಂದದ ಕಾಲೇಜಿಗೆ ದಿನವೂ ಸ್ಕೂಟರಿನಲ್ಲಿ ಹೋಗಿಬರುವ ನನ್ನನ್ನು ಕೆಂಪು ಕಲ್ಲಿನ ದಿಮ್ಮಿಗಳನ್ನು ಹೊತ್ತ ಲಾರಿಗಳು ಮಾತ್ರವಲ್ಲ, ಹೊಲಕ್ಕೆ ಹೊರಟ ಟ್ರ್ಯಾಕ್ಟರುಗಳೂ, ಒಮ್ಮೊಮ್ಮೆ ಇಳಿಜಾರಿನ ಕೃಪೆಯಿಂದ ಸೈಕಲ್ಲುಗಳೂ ದಾಟಿ ಹೋಗಿವೆ. ಒಂದು ಸಲವಂತೂ ಎದುರಿನಿಂದ ಬರುತ್ತಿದ್ದ ಬಸ್ಸಿನ ಹಾರ್ನಿಗೆ ಹೆದರಿ ಎಡಕ್ಕೆ ಇಳಿದು, ಜಾಲಿಗಿಡದ ಪಕ್ಕದಲ್ಲಿ ನಿಂತು ಅದಕ್ಕೂ ದಾರಿ ಬಿಟ್ಟಿದ್ದೆ. ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಅಂದು ಕೇಳಿದಳು: "ನೀವು ಹಾರ್ನಿಗೆ ಸರೀತೀರೋ, ಹಾರ್ನ್ ಹೊಡದಾರು ಅನ್ನೂ ಅಂಜಿಕಿಗೆ ಸರೀತೀರೋ?"

ಇಂಥ ನಾನು ಮೋಟಾರು ಪಂದ್ಯಗಳ ಮಹಾಭಕ್ತ ಎಂದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ. ಈಜು ಬಾರದವರೇ ಅಲ್ಲವೆ ದಡದಲ್ಲಿ ನಿಂತು ಈಜುವವರ ಲೋಪದೋಷಗಳನ್ನು ಅಷ್ಟು ಚೆನ್ನಾಗಿ ಗುರುತಿಸುವುದು! ನಾನು ಹೇಳುತ್ತಿರುವುದು ದೇಶದೇಶಗಳಲ್ಲಿ ಸುತ್ತುತ್ತ ನಡೆಯುವ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಒಂಟಿ ಸೀಟಿನ ಕಾರುಗಳ ಪಂದ್ಯಮಾಲೆಯ ಸಂಗತಿ. ಅದಕ್ಕೆ ಗಣಿತದ ಸೂತ್ರದಂಥ ಒಂದು ಗಂಭೀರ ಹೆಸರಿದೆ. ನಮ್ಮ ಓಣಿಯವರು ಮಾತ್ರ ಅದನ್ನು 'ಒಂಟಿ ಸೀಟಿನ ಓಟ' ಎಂದೇ ಕರೆದರು. ನನಗೂ ಈಗ ಆ ಹೆಸರೇ ನಾಲಗೆಗೆ ಹತ್ತಿಬಿಟ್ಟಿದೆ.

ಈ ಹುಚ್ಚು ಹತ್ತಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಹಳೆಯ ಬಾಗಲಕೋಟೆಯಲ್ಲಿ. ನಮ್ಮ ಮನೆಯ ಹತ್ತಿರ ರೇಡಿಯೋ, ಟೀವಿ ರಿಪೇರಿ ಮಾಡುವ ಗೆಳೆಯನೊಬ್ಬನ ಅಂಗಡಿ ಇತ್ತು. ಭಾನುವಾರ ಸಂಜೆ ಅವನು ರಿಪೇರಿಗೆ ಬಂದ ಟೀವಿಗಳನ್ನು ಪರೀಕ್ಷಿಸುವ ನೆಪದಲ್ಲಿ ನಾಲ್ಕಾರನ್ನು ಒಟ್ಟಿಗೆ ಹಚ್ಚುತ್ತಿದ್ದ. ಒಂದರಲ್ಲಿ ಕಾರುಗಳು ಹಸಿರಾಗಿ, ಇನ್ನೊಂದರಲ್ಲಿ ನೇರಳೆಯಾಗಿ, ಮೂರನೆಯದರಲ್ಲಿ ಮಳೆಯೊಳಗೆ ಓಡಿದಂತೆ ಓಡುತ್ತಿದ್ದವು. ನಾವು ಏಳೆಂಟು ಮಂದಿ ಚುರುಮುರಿ ಮೆಲ್ಲುತ್ತ, ಯಾವ ಟೀವಿ ರಿಪೇರಿಯಾಗಿದೆ, ಯಾವ ಕಾರು ಕೆಟ್ಟಿದೆ ಎಂಬ ಗೊಂದಲದಲ್ಲೇ ಗಂಟಲು ಹರಿದುಕೊಳ್ಳುತ್ತಿದ್ದೆವು. ಆಮೇಲೆ ಅಣೆಕಟ್ಟಿನ ಹಿನ್ನೀರು ಬಂತು. ಓಣಿ ಖಾಲಿಯಾಯಿತು; ಒಬ್ಬ ನವನಗರದ ಈ ಸೆಕ್ಟರಿಗೆ, ಇನ್ನೊಬ್ಬ ಆ ಸೆಕ್ಟರಿಗೆ, ರಿಪೇರಿಯ ಗೆಳೆಯ ಹುಬ್ಬಳ್ಳಿಗೆ ಎಂದು ಚದುರಿ ಹೋದರು. ನನಗೆ ಹುನಗುಂದಕ್ಕೆ ವರ್ಗವಾಯಿತು. ಬಾಡಿಗೆ ಮನೆ ಸಿಕ್ಕಿದ್ದು ಇಳಕಲ್ಲಿನ ನೇಕಾರರ ಓಣಿಯಲ್ಲಿ.

ಆ ಓಣಿಯಲ್ಲಿ ನನ್ನ ಮೊದಲ ಬೆಳಗು ಒಂದು ಅಪರಾಧದಿಂದ ಆರಂಭವಾಯಿತು. ಸ್ಕೂಟರು ಹೊರಗೆ ತೆಗೆದು ನೋಡುತ್ತೇನೆ: ಓಣಿಯ ಉದ್ದಕ್ಕೂ, ನಡುವಿಗೆ ತಾಗುವಷ್ಟು ಎತ್ತರದಲ್ಲಿ, ಸಾವಿರಾರು ಎಳೆಗಳ ಒಂದು ಹಾಸನ್ನು ಬಿಗಿದು ಕಟ್ಟಿದ್ದಾರೆ, ಗಂಡ ಹೆಂಡತಿ ಇಬ್ಬರು ಎರಡೂ ಬದಿಗೆ ನಿಂತು ಅದಕ್ಕೆ ಗಂಜಿ ಹಚ್ಚಿ ಕುಂಚದಿಂದ ತೀಡುತ್ತಿದ್ದಾರೆ. ಮೊದಲ ದಿನವೇ ಕಾಲೇಜಿಗೆ ತಡವಾದೀತೆಂಬ ಗಾಬರಿಯಲ್ಲಿ, ಜೀವಮಾನವಿಡೀ ಅನ್ಯರ ಹಾರ್ನಿಗೆ ಹೆದರಿದ ನಾನು ಅಂದು ಹಾರ್ನ್ ಒತ್ತಿಬಿಟ್ಟೆ. ಆ ಗಂಡಸು ಕುಂಚ ನಿಲ್ಲಿಸಿ, ಸಿಟ್ಟಿಲ್ಲದೆ, ತರಗತಿಯಲ್ಲಿ ದಡ್ಡನಿಗೆ ಪಾಠ ಹೇಳುವ ತಾಳ್ಮೆಯಿಂದ ಹೇಳಿದರು: "ಇದು ರೋಡ್ ಅಲ್ರಿ ಮಾಸ್ತರ್ರ. ಸೀರಿ ಐತಿ."

ಅವರು ಈರಪ್ಪ, ನನ್ನ ಗೋಡೆಯ ಆಚೆಯ ಮನೆಯವರು. ಎದುರು ಬದಿಯಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗು ಅಡಗಿಸಿಕೊಂಡಿದ್ದವರು ಅವರ ಹೆಂಡತಿ ಶಾಂತವ್ವ. ಹಾಸು ಹೂಡಿದಾಗ ಓಣಿಯಲ್ಲಿ ಯಾವನೇ ಬರಲಿ, ಎಂಥ ಗಾಡಿಯೇ ಬರಲಿ, ಇಳಿದು, ತಳ್ಳಿಕೊಂಡು, ಗೋಡೆಗೆ ಮೈ ಹಚ್ಚಿ ಹೋಗಬೇಕು ಎಂಬುದು ಅಲ್ಲಿಯ ಬರೆಯದ ಕಾಯಿದೆ. ಬದಿಗೆ ಸರಿಯುವುದು ಅಲ್ಲಿ ಸೋಲಲ್ಲ, ರೀತಿ. ಅಂದಿನಿಂದ ನಾನು ಸ್ಕೂಟರನ್ನು ಓಣಿಯ ತುದಿಯವರೆಗೆ ತಳ್ಳಿಕೊಂಡೇ ಹೋಗುವ ರೂಢಿ ಮಾಡಿಕೊಂಡೆ. ಅದರಿಂದ ನನ್ನ ಸರಾಸರಿ ವೇಗವೇನೂ ಕಡಿಮೆಯಾಗಲಿಲ್ಲ.

ಭಾನುವಾರ ಸಂಜೆಗಳು ಮಾತ್ರ ಬಿಕೋ ಎನ್ನುತ್ತಿದ್ದವು. ಟೀವಿ ಇತ್ತು, ಕೇಬಲ್ ಇತ್ತು, ಓಟವೂ ಬರುತ್ತಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ನನ್ನ ಹೆಂಡತಿಗೆ ಆ ಇಂಜಿನ್ನುಗಳ ಸದ್ದು ಜೋಗುಳವಿದ್ದಂತೆ; ಎರಡನೆಯ ಸುತ್ತಿಗೆ ಸರಿಯಾಗಿ ಕುರ್ಚಿಯಲ್ಲೇ ನಿದ್ದೆ ಹೋಗಿ, ಬಹುಮಾನ ವಿತರಣೆಗೆ ಎದ್ದು ಚಹಾಕ್ಕಿಡುತ್ತಿದ್ದಳು. ನಾನೊಬ್ಬನೇ ಕೂತು, ಯಾರಾದರೊಬ್ಬ ಇನ್ನೊಬ್ಬನನ್ನು ಹಿಂದೆ ಹಾಕಿದರೆ ಹಳೆಯ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟುತ್ತಿದ್ದೆ. ತಟ್ಟಿ, ಎಡಕ್ಕೆ ಬಲಕ್ಕೆ ನೋಡಿ, ಕೈ ಇಳಿಸುತ್ತಿದ್ದೆ. ಆ ಕ್ಷಣದಲ್ಲಿ ನನಗೆ ಬಾಗಲಕೋಟೆಯ ಅಂಗಡಿ ನೆನಪಾಗುತ್ತಿತ್ತು ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ.

ಹೀಗಿರುವಾಗ ಒಂದು ಮುಂಗಾರಿನ ಮುಂಜಾನೆ ಕೇಬಲ್ ನಡೆಸುವ ದಾವಲಸಾಬ ಬಾಗಿಲಿಗೆ ಬಂದ. ಊರಿನ ಅರ್ಧಕ್ಕೆ ಸಿನಿಮಾ, ಧಾರಾವಾಹಿ, ಭಕ್ತಿಗೀತೆಗಳನ್ನು ಹಂಚುವ ಪುಣ್ಯಾತ್ಮ. ಮನೆಯ ಮಾಳಿಗೆಯ ಮೇಲೆ ನಾಲ್ಕು ದೊಡ್ಡ ಬುಟ್ಟಿಗಳನ್ನು ಆಕಾಶಕ್ಕೆ ಒಡ್ಡಿ ಕೂತವನು. ಅವನ ಪೆಟ್ಟಿಗೆಯಲ್ಲಿ ಇಷ್ಟೇ ಚಾನೆಲ್ಲು ಹಿಡಿಯುವುದೆಂಬ ಮಿತಿಯಿತ್ತು. ಹೊಸದಾಗಿ ಬಂದ ಧಾರಾವಾಹಿಯ ಚಾನೆಲ್ಲೊಂದಕ್ಕಾಗಿ ಊರಿನ ಹೆಣ್ಣುಮಕ್ಕಳು ದುಂಬಾಲು ಬಿದ್ದಿದ್ದರು. ಯಾವುದಾದರೊಂದನ್ನು ತೆಗೆಯಲೇಬೇಕು.

"ನಿಮ್ಮ ಆಟದ ಚಾನೆಲ್ ತಗೀಬೇಕಂತ ಮಾಡೇನ್ರಿ ಸರ. ಕ್ರಿಕೆಟ್ ಬ್ಯಾರೆ ಕಡೆ ಬರತೈತಿ. ಈ ಕಾರ್ ಓಡಸೂದು ನೋಡಾವ್ರು ಊರಾಗ ನೀವ ಒಬ್ಬರು," ಎಂದ. ನನ್ನ ಮುಖ ನೋಡಿ ಮರುಕ ಹುಟ್ಟಿರಬೇಕು. "ಆತು, ದೀಪಾವಳಿ ಮಟ ಇಡತೀನಿ. ಅಷ್ಟರೊಳಗ ಈ ಓಣ್ಯಾಗ ಹತ್ತ ಮನಿಯವ್ರು ಬೇಕು ಅಂದ್ರ ಖಾಯಂ. ಇಲ್ಲಾಂದ್ರ ಬಂದ್."

ಜಗತ್ತಿನ ದೊಡ್ಡ ದೊಡ್ಡ ನಗರಗಳಲ್ಲಿ ಆಗ ಇದೇ ಚರ್ಚೆ ನಡೆಯುತ್ತಿತ್ತೆಂದು ಪತ್ರಿಕೆಗಳ ಕ್ರೀಡಾಪುಟದಲ್ಲಿ ಓದುತ್ತಿದ್ದೆ. ಒಂದು ಕೆಂಪು ಕಾರು ಎಲ್ಲರನ್ನೂ ಎಲ್ಲ ಕಡೆಯೂ ಸೋಲಿಸುತ್ತಿತ್ತು. ನೋಡುವವರಿಗೆ ಆಕಳಿಕೆ ಬರುತ್ತಿತ್ತು. ಪಂದ್ಯವನ್ನು ಹೇಗೆ ಸುಧಾರಿಸಬೇಕು, ಜನಪ್ರಿಯತೆಯನ್ನು ಹೇಗೆ ಮರಳಿ ತರಬೇಕು ಎಂದು ಕೋಟುಧಾರಿಗಳು ಸಭೆ ಸೇರುತ್ತಿದ್ದರು. ಅವರಿಗೆ ಇಡೀ ಭೂಮಂಡಲದ ಚಿಂತೆ, ನನಗೆ ಹತ್ತು ಮನೆಗಳದ್ದು. ಆದರೆ ನನ್ನ ನಿದ್ದೆಯೇನೂ ಅವರದಕ್ಕಿಂತ ಕಡಿಮೆ ಕೆಡಲಿಲ್ಲ.

ಮೊದಲ ಭಾನುವಾರ ಅಧ್ಯಾಪಕನ ದಾರಿಯನ್ನೇ ಹಿಡಿದೆ. ಓಣಿಯವರನ್ನು ಮನೆಗೆ ಕರೆದು, ಕಾಲೇಜಿನಿಂದ ತಂದ ಪುಟ್ಟ ಕರಿಹಲಗೆಯ ಮೇಲೆ ರಸ್ತೆಯ ನಕಾಶೆ ಬರೆದು, ಗಾಳಿಯ ಒತ್ತಡ, ಗಾಲಿಯ ಸವೆತ, ಇಂಧನದ ಭಾರ ಎಂದು ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಆರು ಮಂದಿ ಬಂದಿದ್ದರು. ಅವರಲ್ಲಿ ಇಬ್ಬರು ಓಟ ಶುರುವಾಗುವ ಮೊದಲೇ ಮಗ್ಗದ ಕೆಲಸ ನೆನಪಾಗಿ ಎದ್ದರು. ಉಳಿದವರು ಮರ್ಯಾದೆಗೆ ಕೂತರು. ಹತ್ತು ಸುತ್ತು ಆದಮೇಲೆ ಶಾಂತವ್ವ ಮೆಲ್ಲಗೆ ಕೇಳಿದರು:

"ಇವ್ರು ಎಲ್ಲಿಗೆ ಹೊಂಟಾರ್ರಿ?"

"ಎಲ್ಲಿಗೂ ಇಲ್ರಿ, ಸುತ್ತಿ ಅಲ್ಲೇ ಬರ್ತಾರ."

"ಅಲ್ಲೇ ಬರಾಕ ಇಷ್ಟ್ಯಾಕ ಅವಸರ ಮಾಡ್ತಾರ?"

ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಎದ್ದು ಕರಿಹಲಗೆ ಒರೆಸತೊಡಗಿದೆ. ಕೆಂಪು ಕಾರು ಎಂದಿನಂತೆ ಗೆದ್ದಿತು. ಅದರ ಬಣ್ಣ ಥೇಟ್ ನಮ್ಮೂರ ಸೀರೆಯ ಸೆರಗಿನದೇ ಎಂದು ಹೆಂಗಸರು ಮೆಚ್ಚಿದರು. ಅದೊಂದೇ ಅಂದಿನ ಲಾಭ.

ಅಸಲಿಗೆ ನಮ್ಮ ಸೀಮೆಯವರಿಗೆ ವಾಹನಗಳ ಪೈಪೋಟಿ ಹೊಸದಲ್ಲ. ಬಾದಾಮಿಯ ಸ್ಟೇಶನ್ನಿನಲ್ಲಿ ರೈಲು ಬಂದು ನಿಂತಾಗ ಟಂಟಂ ಆಟೋಗಳು ಹೊರಡುವ ಪರಿಯನ್ನು ನೀವು ನೋಡಿರಬೇಕು. ಚೊಳಚಗುಡ್ಡದ ಬನಶಂಕರಿಗೆ ಹೋಗುವ ಭಕ್ತರನ್ನು ಮೊದಲು ಯಾರು ತುಂಬಿಕೊಂಡರೋ ಅವರೇ ಗೆದ್ದಂತೆ. ಚಾಲಕನದು ಅಲ್ಲಿಯೂ ಹೆಸರಿಗೆ ಒಂಟಿ ಸೀಟು. ಅವನ ಎಡಕ್ಕೆ ಇಬ್ಬರು ಒತ್ತಿ ಕೂತು, ಅವನು ಅರ್ಧ ದೇಹವನ್ನು ಬಾದಾಮಿಯ ಗಾಳಿಗೆ ಒಪ್ಪಿಸಿ, ಉಳಿದರ್ಧದಿಂದ ಗಾಡಿ ನಡೆಸುತ್ತಾನೆ. ನಾನೊಮ್ಮೆ ಆ ಎಡಗಡೆಯವರಲ್ಲೊಬ್ಬನಾಗಿ ಪ್ರಯಾಣಿಸಿ, ಇಳಿದಮೇಲೆ ಬನಶಂಕರಿಯಮ್ಮನಿಗೆ ಹರಕೆಯಿಲ್ಲದೆಯೂ ಕಾಯಿ ಒಡೆಸಿದ್ದೇನೆ. ಆದರೆ ಅದು ಹೊಟ್ಟೆಪಾಡಿನ ಓಟ. ಸುತ್ತಿ ಸುತ್ತಿ ಇದ್ದಲ್ಲಿಗೇ ಬರುವ ವೈಭವ ಅದಕ್ಕಿಲ್ಲ.

ನನ್ನ ಪ್ರಚಾರಕ್ಕೆ ತಿರುವು ಸಿಕ್ಕಿದ್ದು ಮೂರನೆಯ ಭಾನುವಾರ, ಅದೂ ಅಕಸ್ಮಾತ್ತಾಗಿ. ನನ್ನ ಹೆಂಡತಿ ಕೊಟ್ಟ ಪಾತ್ರೆಯನ್ನು ಬರಿದೆ ಮರಳಿಸಬಾರದೆಂದು ಅದರಲ್ಲಿ ಗುರೆಳ್ಳು ಚಟ್ನಿ ತುಂಬಿಕೊಂಡು ಶಾಂತವ್ವ ಬಂದರು. ಟೀವಿಯಲ್ಲಿ ಕೆಂಪು ಕಾರು ಒಂದು ಕರಿಯ ಕಾರಿನ ಬೆನ್ನಿಗೆ ಬಂದಿತ್ತು. ಕರಿಯ ಕಾರು ಎಲ್ಲರಿಗಿಂತ ಹಿಂದೆ ಬಿದ್ದು ಒಂದು ಇಡೀ ಸುತ್ತು ಸೋತಿತ್ತು, ಹಾಗಾಗಿ ಮುಂದಾಳು ಹಿಂದಿನಿಂದ ಬಂದು ಅದನ್ನು ಮತ್ತೆ ಮುಟ್ಟಿದ್ದ. ಇಂಥ ಸಮಯದಲ್ಲಿ ರಸ್ತೆಯ ಬದಿಯ ಅಧಿಕಾರಿಗಳು ನೀಲಿ ಬಾವುಟ ಬೀಸುತ್ತಾರೆ. ಹಿಂದುಳಿದವನು ಸರಿದು ದಾರಿ ಬಿಡಬೇಕು, ಬಿಡದಿದ್ದರೆ ದಂಡನೆ. ಕರಿಯ ಕಾರು ಸರಿಯಿತು. ಶಾಂತವ್ವ ಪಾತ್ರೆ ಹಿಡಿದು ನಿಂತಲ್ಲೇ ನಿಂತರು.

"ಯಾರ್ರಿ ಅಂವ, ಕರೀ ಗಾಡಿಯಾಂವ? ಇಷ್ಟು ಮಂದ್ಯಾಗ ರೀತಿ ಗೊತ್ತಿದ್ದಾಂವ ಅಂವ ಒಬ್ಬನ ನೋಡ್ರಿ. ತಾ ಮುಂದಿದ್ರೂ, ಹಿಂದಿನಾಂವಗ ಅವಸರ ಐತಂತ ಹೆಂಗ ಸರದು ದಾರಿ ಬಿಟ್ಟ!"

ಹಾಸು ಹೂಡುವ ಓಣಿಯವರಲ್ಲದೆ ಇನ್ನಾರು ಹೀಗೆ ತಪ್ಪು ತಿಳಿದಾರು! ನಾನು ಬಾಯಿ ತೆರೆದೆ. ಅಲ್ರೀ ತಾಯಿ, ಅವನು ಮುಂದಿಲ್ಲ, ಎಲ್ಲರಿಗಿಂತ ಹಿಂದಿದ್ದಾನೆ, ಸರಿದದ್ದು ಸೌಜನ್ಯದಿಂದಲ್ಲ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ನೆಲದ ಮೇಲೆ ಕೂತೇ ಬಿಟ್ಟಿದ್ದರು. ತಾವಾಗಿ ಕೂತ ಮೊದಲ ಪ್ರೇಕ್ಷಕರು ಅವರು. ನಾನು ತೆರೆದ ಬಾಯಿಯನ್ನು ಚಟ್ನಿಯ ಪರಿಮಳದ ಪ್ರಶಂಸೆಗೆ ಬಳಸಿಕೊಂಡು ಮುಚ್ಚಿದೆ.

ಮುಂದಿನ ಓಟಕ್ಕೆ ಅವರು ಮೂವರು ಹೆಂಗಸರನ್ನೂ ಈರಪ್ಪನವರನ್ನೂ ಕರೆತಂದರು. ಸಂಕ್ರಾಂತಿಗೆ ಉಡುವ ಕರಿಯ ಚಂದ್ರಕಾಳಿ ಸೀರೆಯ ಹೆಸರನ್ನೇ ಕರಿಯ ಕಾರಿಗೆ ಇಟ್ಟರು. "ಚಂದ್ರಕಾಳಿ ಬಂತು, ಚಂದ್ರಕಾಳಿ ಬಂತು" ಎಂದು ಅದು ತೆರೆಗೆ ಬಂದಾಗಲೆಲ್ಲ ಸಂಭ್ರಮಿಸುವರು. ಅದು ಬರುತ್ತಿದ್ದುದಾದರೂ ಯಾವಾಗ? ಇನ್ನೊಬ್ಬರಿಗೆ ದಾರಿ ಬಿಡುವಾಗ ಮಾತ್ರ! ಹೀಗಾಗಿ ನಮ್ಮ ಓಣಿಯ ಕಣ್ಣಿಗೆ ಆ ಚಾಲಕ ಇಡೀ ಓಟದುದ್ದಕ್ಕೂ ಪರೋಪಕಾರವನ್ನಲ್ಲದೆ ಬೇರೇನನ್ನೂ ಮಾಡದ ಧರ್ಮಾತ್ಮನಾಗಿ ಕಂಡ.

ಈರಪ್ಪನವರ ಮನಸ್ಸು ಗೆದ್ದದ್ದು ಬೇರೆಯದೇ ದೃಶ್ಯ. ಓಟದ ನಡುವೆ ಕಾರು ಬಂದು ನಿಂತಾಗ ಹದಿನೈದು ಇಪ್ಪತ್ತು ಮಂದಿ ಮುತ್ತಿ, ಕಣ್ಣು ಮಿಟುಕಿಸುವುದರೊಳಗೆ ನಾಲ್ಕೂ ಗಾಲಿ ಬದಲಿಸಿ ಕಳಿಸುತ್ತಾರಲ್ಲ, ಅದನ್ನು ಕಂಡು ಅವರು ಕೂತಲ್ಲಿಂದ ಎದ್ದರು. "ಕೊಂಡಿ ಹಾಕಿದಂಗ ಹಾಕ್ತಾರಲ್ರಿ!" ಎಂದರು. ಇಳಕಲ್ಲಿನ ಸೀರೆಯಲ್ಲಿ ಸೆರಗಿನ ಹಾಸು ಬೇರೆ, ಮೈಯ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಒಂದೊಂದೇ ಎಳೆಗೆ ಕುಣಿಕೆ ಹಾಕಿ ಕೂಡಿಸಬೇಕು, ಅದೇ ಕೊಂಡಿ. ಸಾವಿರಾರು ಕೊಂಡಿ, ಒಬ್ಬರೇ ಕೂತರೆ ದಿನ ಹಿಡಿಯುವ, ಕಣ್ಣು ಸೋಲಿಸುವ ಕೆಲಸ. ಹಾಗಾಗಿ ಒಂದು ಮನೆಯಲ್ಲಿ ಸೆರಗು ಕೂಡಿಸುವುದಿದೆ ಎಂದು ಸುಳಿವು ಸಿಕ್ಕರೆ ಸಾಕು, ನೆರೆಮನೆಯವರು ತಮ್ಮ ಮಗ್ಗ ನಿಲ್ಲಿಸಿ ಬಂದು ಕೂಡುತ್ತಾರೆ. ಪೇಟೆಯಲ್ಲಿ ಸೀರೆ ಮಾರುವಾಗ ಅವರವರೇ ಎದುರಾಳಿಗಳು ಎಂಬುದು ಆ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ. ಕರೆಯುವ ಪದ್ಧತಿಯೂ ಇಲ್ಲ.

ಶ್ರಾವಣದ ಹೊತ್ತಿಗೆ ನನ್ನ ಪಡಸಾಲೆ ತುಂಬಿತು. ದಾವಲಸಾಬನೂ ಪರಿಸ್ಥಿತಿಯ ಅವಲೋಕನಕ್ಕೆಂದು ಬಂದು, ಚಹಾ ಕುಡಿದು, ಕೊನೆಯವರೆಗೂ ಕೂರತೊಡಗಿದ. ಆದರೆ ಕೆಂಪು ಕಾರು ಮಾತ್ರ ಗೆಲ್ಲುವ ಚಟ ಬಿಡಲಿಲ್ಲ. ಓಟದ ನಿಯಮಗಳನ್ನೇ ಸುಧಾರಿಸದ ಹೊರತು ಚಂದ್ರಕಾಳಿಗೆ ಉದ್ಧಾರವಿಲ್ಲವೆಂದು ಎಲ್ಲರಿಗೂ ಮನವರಿಕೆಯಾಯಿತು. ಕೋಟುಧಾರಿಗಳಿಗೆ ಒಂದು ಪತ್ರ ಬರೆದುಬಿಡೋಣ ಎಂದು ನಾನೇ ಬಾಯಿಬಿಟ್ಟೆ. ಕಾಗದ, ಪೆನ್ನು ಹಿಡಿದು ಸಲಹೆಗಳನ್ನು ಬರೆದುಕೊಳ್ಳುತ್ತ ಹೋದೆ.

ದಾವಲಸಾಬ ನ್ಯಾಯದ ಪರ: ಹೋದ ಸಲ ಮೊದಲು ಬಂದವನು ಈ ಸಲ ಎಲ್ಲರಿಗಿಂತ ಹಿಂದಿನಿಂದ ಹೊರಡಬೇಕು, ಅವನ ಹುರುಪು ಆಗ ತಿಳಿಯುತ್ತದೆ ಎಂದ. ಈರಪ್ಪನವರದು, ಗಾಲಿ ಬದಲಿಸಲು ಬೇರೆ ಬೇರೆ ಬಣ್ಣದ ತಂಡದವರೂ ಬಂದು ಕೈ ಹಚ್ಚಬೇಕೆಂಬ ಸಲಹೆ. ತಮ್ಮ ತಮ್ಮವರೇ ಮಾಡಿದರೆ ಅದರಲ್ಲೇನು ದೊಡ್ಡಸ್ತಿಕೆ ಎಂದು ಅವರ ವಾದ. ನನ್ನ ಹೆಂಡತಿ ಆ ಹೊತ್ತಿಗೆ ಎಚ್ಚರವಿದ್ದದ್ದರಿಂದ, ಒಂಟಿ ಸೀಟೇ ಎಲ್ಲ ಅನಾಹುತಗಳ ಮೂಲವೆಂದೂ, ಹಿಂದೊಂದು ಸೀಟಿದ್ದು ಹೆಂಡತಿ ಕೂತಿದ್ದರೆ ಯಾವ ತಿರುವಿನಲ್ಲೂ ಯಾರೂ ಅಷ್ಟು ಜೋರಾಗಿ ಹೋಗುತ್ತಿರಲಿಲ್ಲವೆಂದೂ ತೀರ್ಪು ಕೊಟ್ಟಳು. ಶಾಂತವ್ವನವರದು ಎರಡು ಬೇಡಿಕೆ. ಮೊದಲನೆಯದು, ಚಂದ್ರಕಾಳಿಯನ್ನೂ ಟೀವಿಯವರು ಒಮ್ಮೆಯಾದರೂ ಅದರ ಪಾಡಿಗೆ ಅದನ್ನು ತೋರಿಸಬೇಕು: "ಅವನ ಅವ್ವ ಎಲ್ಲೋ ಕುಂತು ನೋಡತಿರ್ತಾಳ್ರಿ. ಮಗನ ಮಾರಿ ಒಮ್ಮೆರ ಕಾಣಬ್ಯಾಡೇನ್ರಿ?" ಎರಡನೆಯದು ಅಂಕಗಳ ಬಗ್ಗೆ. ಮೊದಲ ಆರು ಜನಕ್ಕೆ ಮಾತ್ರ ಅಂಕ ಕೊಡುತ್ತಾರೆಂದು ನಾನು ಹೇಳಿದ್ದೇ ತಡ, ಅವರಿಗೆ ಸಿಟ್ಟೇ ಬಂತು. "ಆರು ಮಂದಿಗೆ ನೀಡಿ, ಉಳದಾವ್ರನ್ನ ಬರೇ ಎಲಿ ಮುಂದಿಂದ ಎಬ್ಬಸೂದು ಎಂಥಾ ಪಂಕ್ತಿರಿ ಅದು? ಇನ್ನೊಂದೀಟು ಮಂದಿಗೆ ಮುಟ್ಟಬೇಕು."

ಇದನ್ನೆಲ್ಲ ನಾನು ಎರಡು ದಿನ ನಿಘಂಟಿನೊಡನೆ ಕುಸ್ತಿ ಹಿಡಿದು ಇಂಗ್ಲಿಷಿಗೆ ತಂದೆ. ಪಂಕ್ತಿಯಿಂದ ಎಬ್ಬಿಸುವುದರ ಅವಮಾನವನ್ನು ಊಟದ ಮೇಜಿನವರಿಗೆ ವಿವರಿಸುವಷ್ಟರಲ್ಲಿ ಒಂದು ಪುಟವೇ ಖರ್ಚಾಯಿತು. ಹೆಂಡತಿಯ ಸಲಹೆಯನ್ನು ಮಾತ್ರ, ಅಂತರರಾಷ್ಟ್ರೀಯ ಕೌಟುಂಬಿಕ ಶಾಂತಿಯ ದೃಷ್ಟಿಯಿಂದ, ಕೈಬಿಟ್ಟೆ. ಪತ್ರ ಕಡಲು ದಾಟಿ ಹೋಯಿತು. ಉತ್ತರ ಬರಲಿಲ್ಲ. ಬರುವುದೆಂದು ಓಣಿಯವರು ಅಂಚೆಯವನನ್ನು ಬಹಳ ದಿನ ತಡೆದು ಕೇಳುತ್ತಿದ್ದರು.

ನನಗೆ ಒಳಗೊಳಗೇ ಬೇರೊಂದು ಮುಳ್ಳು ಚುಚ್ಚುತ್ತಿತ್ತು. ಇಷ್ಟು ಜನ ಕೂಡಿದ್ದು ಯಾವುದರ ಮೇಲೆ? ನಾನು ತಿದ್ದದೇ ಬಿಟ್ಟ ಒಂದು ತಪ್ಪು ತಿಳುವಳಿಕೆಯ ಮೇಲೆ. ಕಾಲೇಜಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಕೆಂಪು ಶಾಯಿ ಸುರಿಸುವ ನಾನು ಮನೆಯಲ್ಲಿ ಒಂದು ದೊಡ್ಡ ತಪ್ಪನ್ನು ಚಹಾ ಕೊಟ್ಟು ಸಾಕುತ್ತಿದ್ದೆ. ಪ್ರತಿ ಭಾನುವಾರ ಹೇಳಿಬಿಡಬೇಕೆಂದುಕೊಳ್ಳುವೆ. ಪ್ರತಿ ಭಾನುವಾರ ತುಂಬಿದ ಪಡಸಾಲೆಯನ್ನು ಕಂಡು, ಇನ್ನೊಂದು ವಾರ ಹೋಗಲಿ ಎಂದುಕೊಳ್ಳುವೆ. ಹೇಳಿದರೆ ಇವರೆಲ್ಲ ಎದ್ದುಹೋದಾರು, ನಾನು ಮತ್ತೆ ಒಬ್ಬನೇ ಕೂತು ಚಪ್ಪಾಳೆ ತಟ್ಟಬೇಕಾದೀತು ಎಂಬ ಭಯ. ಚಾನೆಲ್ಲು ಹೋಗುವ ಭಯಕ್ಕಿಂತ ಅದೇ ದೊಡ್ಡದಾಗಿತ್ತು.

ವರ್ಷದ ಕೊನೆಯ ಓಟ ದೀಪಾವಳಿಗೆ ಸ್ವಲ್ಪ ಮುಂಚೆ, ಮೂಡಣದ ದೇಶವೊಂದರಲ್ಲಿ ನಡೆಯಿತು. ಹಾಗಾಗಿ ನಮ್ಮಲ್ಲಿ ಭಾನುವಾರ ಮುಂಜಾನೆ ಹನ್ನೊಂದರ ಸುಮಾರಿಗೇ ಶುರು. ಓಣಿಯ ಹನ್ನೆರಡು ಮನೆಗಳವರು ಉಪ್ಪಿಟ್ಟಿನ ಡಬರಿ ಸಮೇತ ಬಂದು ಕೂತರು. ದಾವಲಸಾಬ ಬಾಗಿಲಲ್ಲಿ ನಿಂತು, "ಹಂಗಾರ ಈ ಚಾನೆಲ್ ಬೇಕು ಅನ್ನಾವ್ರು ಕೈ ಎತ್ರಿ," ಎಂದ. ಕೈಗಳು ಮೇಲೇಳತೊಡಗಿದವು. ಶಾಂತವ್ವನವರ ಗಂಜಿ ಹತ್ತಿದ ಕೈ ಎಲ್ಲಕ್ಕಿಂತ ಮೊದಲು ಎದ್ದದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ಒಂದು ಮಿನಿಟ್ ತಡೀರಿ," ಎಂದೆ. ಎದ್ದು ನಿಂತು, ಕರಿಹಲಗೆಯಿಲ್ಲದೆ, ನಾನು ಹೇಳಿದ ಅತಿ ಚಿಕ್ಕ ಪಾಠವನ್ನು ಹೇಳಿದೆ: ಚಂದ್ರಕಾಳಿ ಮುಂದಿರುವುದಿಲ್ಲ, ಎಲ್ಲರಿಗಿಂತ ಹಿಂದಿರುತ್ತದೆ, ಅದು ದಾರಿ ಬಿಡುವುದು ದೊಡ್ಡ ಮನಸ್ಸಿನಿಂದಲ್ಲ, ನೀಲಿ ಬಾವುಟದ ಅಂಜಿಕೆಯಿಂದ, ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು, ನಿಮಗೆ ಹೇಳಲಿಲ್ಲ, ತಪ್ಪಾಯಿತು.

ಎತ್ತಿದ ಕೈಗಳು ಎತ್ತಿದಂತೆಯೇ ಇದ್ದವು. ಆಮೇಲೆ ಈರಪ್ಪ ದಾವಲಸಾಬನ ಕಡೆ ನೋಡಿ ನಕ್ಕರು.

"ಇದನ್ನ ಇಂವ ನಮಗ ಶ್ರಾವಣದಾಗ ಹೇಳ್ಯಾನ್ರಿ ಮಾಸ್ತರ್ರ. ಇಂವಗ ಹಿಂದಿ ಬರತೈತಿ, ಟೀವ್ಯಾಗ ಹೇಳೂದು ತಿಳೀತೈತಿ."

"ಮತ್ತ... ಮತ್ತ ಯಾಕ ಬಂದ್ರಿ ಇಷ್ಟ ದಿನ?" ಎಂದೆ.

ಉತ್ತರ ಕೊಟ್ಟವರು ಶಾಂತವ್ವ. ಕೈ ಇಳಿಸಿ, ಸೆರಗು ಸರಿಮಾಡಿಕೊಂಡು, ಅದರಲ್ಲಿ ಹೇಳುವಂಥದ್ದೇನೂ ಇಲ್ಲವೆಂಬಂತೆ ಹೇಳಿದರು: "ಐತವಾರ ಐತವಾರ ನೀವ್ ಒಬ್ಬರ ಕುಂತು ಚಪ್ಪಾಳಿ ಹೊಡೀತಿದ್ರಿ. ನಡುವ ಇರೂದು ಒಂದ ಗ್ವಾಡಿ, ಎಲ್ಲಾ ಕೇಳಸತಿತ್ತು. ಒಮ್ಮೆ ಹೊಡದು ಸುಮ್ಮನಾಗೂದು. ಕೇಳಾಕ ಆಗತಿದ್ದಿಲ್ರಿ ನನಗ. ಕೊಂಡಿ ಹಾಕಾಕ ಕರೀಲಿ ಅಂತ ಯಾರರ ಕುಂದರತಾರೇನು?"

ನನ್ನ ಕಣ್ಣು ತುಂಬಿದವು. ಮರೆಮಾಡಲು ಟೀವಿಯ ಸದ್ದು ಹೆಚ್ಚಿಸುವ ನೆಪದಲ್ಲಿ ಎದ್ದು ಹೋಗಿ, ಆತುರದಲ್ಲಿ ಸದ್ದನ್ನು ಪೂರ್ತಿ ಬಂದ್ ಮಾಡಿದೆ. ಎಲ್ಲರೂ ಹೋ ಎಂದು ನಕ್ಕರು. ನನಗಾಗಿ ದಾರಿ ಬಿಟ್ಟು ಬದಿಗೆ ಸರಿದು ನಿಂತವರು ಇವರೇ ಎಂಬುದು ನನಗೆ ಆಗ ತಿಳಿಯಿತು. ಪಾಪ, ಇಷ್ಟದ ಧಾರಾವಾಹಿಯನ್ನೂ ಬಿಟ್ಟಿದ್ದರು. ಅದಕ್ಕಾಗಿ ದುಂಬಾಲು ಬಿದ್ದವರಲ್ಲಿ ಶಾಂತವ್ವನೇ ಮೊದಲಿಗರೆಂದು ದಾವಲಸಾಬ ಆಮೇಲೆ ಹೇಳಿದ.

"ಮತ್ತೊಂದು ಮಾತು," ಎಂದರು ಶಾಂತವ್ವ. "ಬಾವುಟಕ್ಕ ಅಂಜಿ ಸರದ್ರೇನಾತ್ರಿ? ಹಿಂದ ಬಿದ್ದಾನಂತ ಮನೀಗೆ ಹೋಗಿಲ್ಲಲ್ಲ, ಕಡೀತನಕ ಓಡ್ಯಾನ. ನಾವು ಚಂದ್ರಕಾಳಿ ಪಕ್ಷದಾವ್ರ."

ಅಂದು ಕೆಂಪು ಕಾರು ಗೆದ್ದಿತೆಂದು ಬೇರೆ ಹೇಳಬೇಕಿಲ್ಲ. ಚಂದ್ರಕಾಳಿ ಎಷ್ಟನೆಯದಾಗಿ ಬಂತೋ, ಬಂದು ಮುಟ್ಟಿತು. ನಮ್ಮ ಪಡಸಾಲೆಯ ಚಪ್ಪಾಳೆಗೆ ಹಲ್ಲಿಗಳು ಗೋಡೆ ಬಿಟ್ಟು ಓಡಿದವು. ದಾವಲಸಾಬ ಒಂದು ಸಮಾಧಾನದ ತೀರ್ಪು ಕೊಟ್ಟ. ವಾರವಿಡೀ ಆ ಜಾಗದಲ್ಲಿ ಧಾರಾವಾಹಿಯ ಚಾನೆಲ್ಲು. ಓಟವಿರುವ ಭಾನುವಾರ ಮಾತ್ರ ತಾನೇ ಮಾಳಿಗೆ ಹತ್ತಿ, ಪೆಟ್ಟಿಗೆಯ ವಾಯರು ಕಿತ್ತು, ಬದಲಿಸಿ ಹಚ್ಚಿ, ಓಟ ಮುಗಿದ ಮೇಲೆ ಮತ್ತೆ ಮೊದಲಿನಂತೆ ಮಾಡುವುದು. ಬದಲಿಸಲು ಅವನಿಗೆ ಗಾಲಿ ಬದಲಿಸುವವರಿಗಿಂತ ಬಹಳ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಮೊದಲ ನಾಲ್ಕು ಸುತ್ತು ಮುಗಿದಿರುತ್ತಿದ್ದವು. ಯಾರೂ ಗೊಣಗಲಿಲ್ಲ, ಚಂದ್ರಕಾಳಿ ಹೇಗೂ ತಡವಾಗಿಯೇ ಬರುತ್ತಿತ್ತು.

ಮರುವರ್ಷ ಬೇಸಿಗೆಯಲ್ಲಿ ಪತ್ರಿಕೆಯ ಕ್ರೀಡಾಪುಟದಲ್ಲಿ ಒಂದು ಸುದ್ದಿ ಬಂತು. ಪಂದ್ಯದ ಆಕರ್ಷಣೆ ಹೆಚ್ಚಿಸಲು ನಿಯಮ ಬದಲಿಸಿದ್ದಾರಂತೆ. ಇನ್ನು ಮುಂದೆ ಆರನೆಯವನವರೆಗಲ್ಲ, ಎಂಟನೆಯವನವರೆಗೂ ಅಂಕ ಕೊಡುತ್ತಾರಂತೆ. ನಾನು ಅದನ್ನು ಓಣಿಯಲ್ಲಿ ಗಟ್ಟಿಯಾಗಿ ಓದಿದೆ. ಹಾಸಿನ ಎಳೆಗಳಿಗೆ ಗಂಜಿ ಹಚ್ಚುತ್ತಿದ್ದ ಕೈಗಳೆಲ್ಲ ನಿಂತವು. ನಮ್ಮ ಪತ್ರ ಅವರಿಗೆ ತಲುಪಿತ್ತೋ, ಕಡಲಿಗೆ ಬಿದ್ದಿತ್ತೋ ದೇವರಿಗೇ ಗೊತ್ತು. ಆದರೆ ಇಳಕಲ್ಲಿನ ಆ ಓಣಿಯಲ್ಲಿ ಇಂದಿಗೂ, ಆ ಪಂಕ್ತಿಯಲ್ಲಿ ಇನ್ನಿಬ್ಬರಿಗೆ ಎಲೆ ಹಾಕಿಸಿದವರು ಶಾಂತವ್ವನೇ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ನಾನೂ ಸಂಶಯ ಪಡುವುದನ್ನು ಬಿಟ್ಟಿದ್ದೇನೆ. ಈ ಸಲ ತಿದ್ದದಿರುವ ಪಾಪಪ್ರಜ್ಞೆಯೂ ಇಲ್ಲ.

ಕೆಲವು ವರ್ಷಗಳ ಮೇಲೆ ಕರಿಯ ಕಾರಿನ ತಂಡ ಬೇರೆಯವರ ಕೈಗೆ ಹೋಗಿ, ಅದರ ಬಣ್ಣ ಬದಲಾಯಿತು. ದಾವಲಸಾಬನ ಪೆಟ್ಟಿಗೆ ದೊಡ್ಡದಾಗಿ ಎಲ್ಲ ಚಾನೆಲ್ಲುಗಳಿಗೂ ಜಾಗ ಸಿಕ್ಕಿತು. ನಾವು ಮಾತ್ರ ಯಾರು ಕೊನೆಗಿರುತ್ತಾರೋ ಅವರನ್ನೇ ಚಂದ್ರಕಾಳಿ ಎಂದು ಕರೆದು, ಅವರ ಪಕ್ಷದಲ್ಲೇ ಉಳಿದೆವು. ಪಂದ್ಯವನ್ನು ಸುಧಾರಿಸಬೇಕೆಂದು ಈಗಲೂ ದೊಡ್ಡವರು ಸಭೆ ಸೇರುತ್ತಾರೆಂದು ಓದುತ್ತೇನೆ. ಅವರಿಗೆ ಹೇಳುವುದಿಷ್ಟೇ: ಇಂಜಿನ್ನು, ಗಾಲಿ, ರೆಕ್ಕೆಗಳನ್ನು ನಿಮಗೆ ತಿಳಿದಂತೆ ತಿದ್ದಿಕೊಳ್ಳಿ, ನೋಡುವವನ ಪಕ್ಕದಲ್ಲಿ ಇನ್ನೊಬ್ಬರು ಬಂದು ಕೂತರೆ ಎಷ್ಟು ಬೇಸರದ ಓಟವೂ ರಂಗೇರುತ್ತದೆ.

ಮೊನ್ನೆ ಹುನಗುಂದದಿಂದ ಬರುತ್ತಿದ್ದಾಗ ಹಿಂದಿನಿಂದ ಹಾರ್ನ್ ಕೇಳಿಸಿತು. ಸಹಜವಾಗಿ ಎಡಕ್ಕೆ, ಮಣ್ಣಿಗೆ ಇಳಿದೆ. ಆದರೆ ಈಗೀಗ ಸುಮ್ಮನೆ ಇಳಿಯುವುದಿಲ್ಲ, ಯಾರೆಂದು ಹಿಂದಿರುಗಿ ನೋಡುತ್ತೇನೆ. ಹೊಸ ಮೊಪೆಡ್ಡಿನ ಮೇಲೆ ಈರಪ್ಪ ಬರುತ್ತಿದ್ದರು, ಹಿಂದೆ ಸೀರೆಯ ಗಂಟು ಮಡಿಲಲ್ಲಿಟ್ಟುಕೊಂಡು ಶಾಂತವ್ವ. ಅಂಥ ವೇಗವೇನೂ ಇರಲಿಲ್ಲ. ನನ್ನನ್ನು ದಾಟಲು ವೇಗ ಬೇಕಾಗುವುದೂ ಇಲ್ಲ. ಅವರು ದಾಟಿ ಮುಂದೆ ಹೋದ ಮೇಲೆ ಶಾಂತವ್ವ ಕೂತಲ್ಲಿಂದಲೇ ತಿರುಗಿ ನೋಡಿದರು. ಗಂಟನ್ನು ಮೊಣಕೈಯಿಂದ ಅವುಚಿ ಹಿಡಿದು, ಎರಡೂ ಕೈ ಬಿಡಿಸಿಕೊಂಡು, ರಸ್ತೆಬದಿಯಲ್ಲಿ ನಿಂತ ನನಗೆ ಜೋರಾಗಿ ಚಪ್ಪಾಳೆ ತಟ್ಟಿದರು.